ಗಣಕದ ಮಾತು: ಕಾರ್ಡು ಒಂದು ಸಾಕೇ, ಎರಡು ಬೇಕೇ?



ಜೇಜುರಿಯ ಎಂಐಡಿಸಿ ಕಾರ್ಖಾನೆಯೊಂದರಲ್ಲಿ ದುಡಿಯುವ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹನ್ನೆರಡನೆಯ ತರಗತಿ ಮುಗಿಸಿದ ಮಗನಿಗೆ ಆಟವಾಡಲು ಗಣಕಯಂತ್ರ ಕೊಡಿಸುವುದಾಗಿ ಅವರು ಮಾತು ಕೊಟ್ಟಿದ್ದಾರೆ. ವರ್ಷದ ಬೋನಸ್ ಹಣವೆಲ್ಲ ಅದಕ್ಕೇ ಮೀಸಲು. ಪುಣೆಯ ಅಂಗಡಿಯವರು, "ಬಳಸಿದ ಜಿಟಿಎಕ್ಸ್ 1080 ಕಾರ್ಡು ಎರಡನ್ನು ಜೋಡಿಸಿ ಕೊಡುತ್ತೇವೆ, ಶಕ್ತಿ ಇಮ್ಮಡಿಯಾಗುತ್ತದೆ" ಎಂದರಂತೆ. ಒಪ್ಪಬಹುದೇ ಎಂದು ಅವರ ಪ್ರಶ್ನೆ.

ಬೇಡ ಎಂಬುದೇ ನಮ್ಮ ಉತ್ತರ. ಕಾರಣಗಳನ್ನು ನೋಡೋಣ.

ಜೋಡಿ ಕಾರ್ಡಿನ ಕಲ್ಪನೆ ಸುಳ್ಳೇನಲ್ಲ. 1998ರಲ್ಲಿ ಬಂದ ವೂಡೂ 2 ಕಾರ್ಡುಗಳನ್ನು ಜೋಡಿಸಿದರೆ ಪರದೆಯ ಒಂದು ಗೆರೆಯನ್ನು ಒಂದು, ಮರುಗೆರೆಯನ್ನು ಇನ್ನೊಂದು ಬಿಡಿಸುತ್ತಿತ್ತು. 2004ರಲ್ಲಿ ಎನ್‌ವಿಡಿಯಾ ತನ್ನ ಎಸ್‌ಎಲ್‌ಐ ತಂದಿತು. ಅದರಲ್ಲಿ ಹೆಚ್ಚಾಗಿ ಒಂದು ಇಡೀ ಚಿತ್ರ ಒಂದರದು, ಮುಂದಿನದು ಇನ್ನೊಂದರದು. ಸರದಿ ಸ್ವಲ್ಪ ತಪ್ಪಿದರೂ ಆಟ ತಡವರಿಸುತ್ತದೆ. ಹೀಗಾಗಿ ಆಟಕ್ಕೊಂದು ಹೊಂದಾಣಿಕೆ ಬೇಕಾಗುತ್ತಿತ್ತು. 2021ರ ಜನವರಿಯಿಂದ ಕಂಪನಿ ಹೊಸ ಹೊಂದಾಣಿಕೆ ಸೇರಿಸುವುದನ್ನೇ ನಿಲ್ಲಿಸಿತು. ಹೊಸ ಆಟಗಳಲ್ಲಿ ಹೆಚ್ಚಿನವು ಎರಡನೆಯ ಕಾರ್ಡನ್ನು ಮಾತನಾಡಿಸುವುದೇ ಇಲ್ಲ.

ಜೇಜುರಿಯ ಖಂಡೋಬನಿಗೆ, ನಮ್ಮವರ ಮೈಲಾರಲಿಂಗನಿಗೆ, ಮ್ಹಾಳಸಾ ಮತ್ತು ಬಾಣಾಯಿ ಇಬ್ಬರು ಮಡದಿಯರು. ಇಬ್ಬರನ್ನೂ ಸಂಭಾಳಿಸಲು ಅವನು ದೇವರು! ಬಡಪಾಯಿ ಗಣಕಕ್ಕೆ ಅದು ಸಾಧ್ಯವೇ?

ಮೆಮೊರಿಯ ಲೆಕ್ಕವೂ ಹಾಗೆಯೇ. 1080ರಲ್ಲಿ 8 ಜಿಬಿ ಇದೆ. ಎರಡಿಟ್ಟರೆ 16 ಆಗದು. ಆಟದ ಸಾಮಗ್ರಿಯೆಲ್ಲ ಎರಡರಲ್ಲೂ ಪ್ರತಿಯಾಗಿ ಕೂರುವುದರಿಂದ ಉಪಯೋಗಕ್ಕೆ ಸಿಗುವುದು 8 ಮಾತ್ರ. 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟಕ್ಕೆ ರೇ ಟ್ರೇಸಿಂಗಿಗೆಂದೇ ಅಂಗವಿರುವ ಕಾರ್ಡು ಬೇಕು. 1080ರಲ್ಲಿ ಆ ಅಂಗವಿಲ್ಲ. ಒಂದರಲ್ಲಿ ಇಲ್ಲದ್ದು ಎರಡಿಟ್ಟರೆ ಬರುವುದಿಲ್ಲ.

ಕರೆಂಟಿನ ಬಿಲ್ಲನ್ನೂ ನೋಡಿ. ಒಂದು 1080ಕ್ಕೆ 180 ವ್ಯಾಟ್, ಎರಡಕ್ಕೆ 360. 2023ರಲ್ಲಿ ಬಂದ ಆರ್‌ಟಿಎಕ್ಸ್ 4060ಕ್ಕೆ 115 ಸಾಕು, ವೇಗವೂ ಒಂದು 1080ಕ್ಕಿಂತ ಹೆಚ್ಚು. ಪೂರ್ಣ ಭಾರದಲ್ಲಿ ದಿನಕ್ಕೆ ನಾಲ್ಕು ಗಂಟೆ ಆಡಿದರೆ ವ್ಯತ್ಯಾಸ ಸುಮಾರು ಒಂದು ಯೂನಿಟ್, ತಿಂಗಳಿಗೆ 29. ಆ ಶಾಖವೆಲ್ಲ ಮಗ ಕೂರುವ ಕೋಣೆಗೇ. ಎರಡು ಕಾರ್ಡಿಗೆ ದೊಡ್ಡ ಎಸ್‌ಎಂಪಿಎಸ್ಸಿನ ಖರ್ಚು ಬೇರೆ.

ಎರಡು ಕಾರ್ಡು ಎಲ್ಲರಿಗೂ ವ್ಯರ್ಥವೆಂದಲ್ಲ. ಬ್ಲೆಂಡರಿನಲ್ಲಿ ಅನಿಮೇಷನ್ ಮಾಡುವವರಿಗೆ ಕೆಲಸ ಹಂಚಿಹೋಗುತ್ತದೆ, ಸಮಯ ಉಳಿಯುತ್ತದೆ. ನಿಮ್ಮ ಮಗನಿಗೆ ಬೇಕಿರುವುದು ಆಟ.

ಆದ್ದರಿಂದ ವಾರಂಟಿ ಇರುವ ಒಂದೇ ಒಳ್ಳೆಯ ಕಾರ್ಡು ಕೊಳ್ಳಿ. ಉಳಿದ ಹಣ ಒಳ್ಳೆಯ ಎಸ್‌ಎಂಪಿಎಸ್ಸಿಗೂ ಮಾನಿಟರಿಗೂ ಇರಲಿ. ಅಂಗಡಿಯವರು ಇನ್ನೂ ಒತ್ತಾಯಿಸಿದರೆ ಜಗಳ ಬೇಡ. ಮಗ ಆಡುವ ಆಟವನ್ನೇ ಮೊದಲು ಒಂದು ಕಾರ್ಡಿನಲ್ಲಿ, ಆಮೇಲೆ ಎರಡರಲ್ಲಿ ಅರ್ಧ ಗಂಟೆ ಓಡಿಸಿ ತೋರಿಸಲು ಹೇಳಿ. ವ್ಯತ್ಯಾಸ ಕಾಣದಿದ್ದರೆ ನಮಸ್ಕಾರ ಹೇಳಿ ಹೊರಬನ್ನಿ. ಬೆವರಿನ ದುಡ್ಡು ನಿಮ್ಮದು.