ಹಳೆಯ ನಕ್ಷೆ ನುಡಿಯುವ ಸಾಕ್ಷ್ಯ

ಬೆಂಗಳೂರಿನ ಬಸವನಗುಡಿಯ ದಿಣ್ಣೆಯಲ್ಲಿ ಹುಟ್ಟಿತೆಂದು ಜನ ನಂಬಿರುವ ವೃಷಭಾವತಿಯು ನೈಋತ್ಯಕ್ಕೆ ಹರಿದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿಯು ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಮೈಸೂರು ರಸ್ತೆಯ ಮಗ್ಗುಲಲ್ಲಿ ನೊರೆಯೆದ್ದು ಸಾಗುವ ಈ ಹೊಳೆಗೆ ಇಂದು ಮೋರಿಯೆಂಬುದೇ ಹೆಸರು. ಅದು ನದಿಯಾಗಿದ್ದುದಕ್ಕೆ ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಟೋಪೋಶೀಟುಗಳೇ ಸಾಕ್ಷಿ.

ಅಂಗುಲಕ್ಕೊಂದು ಮೈಲಿಯ ಅಳತೆಯ ಹಳೆಯ ಹಾಳೆಯನ್ನೂ 1:50,000 ಪ್ರಮಾಣದ ಈಚಿನ ಹಾಳೆಯನ್ನೂ ಒತ್ತಟ್ಟಿಗಿಟ್ಟು ನೋಡಬೇಕು. ಹಳದಿ ಬಣ್ಣ ಸಾಗುವಳಿ ಭೂಮಿ, ನೀಲಿ ನೀರು, ಕೆಂಪು ಜನವಸತಿ. ಹಳೆಯದರಲ್ಲಿ ಕೆಂಗೇರಿ ನಗರದಿಂದ ದೂರದ ಪ್ರತ್ಯೇಕ ಊರು. ನಡುವೆ ಹೊಲ, ಕೆರೆ, ಸಣ್ಣ ಹಳ್ಳಿಗಳು. ಮುಂದಿನ ಹಾಳೆಗಳಲ್ಲಿ ರಸ್ತೆ, ರೈಲುಹಾದಿಗಳ ಗುಂಟ ಕೆಂಪು ಹಬ್ಬುತ್ತದೆ. 2007ರಲ್ಲಿ ಕೆಂಗೇರಿಯು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೇ ಸೇರಿತು.

ಬಣ್ಣಗಳು ಬದಲಾದರೂ ಕಣಿವೆಯನ್ನು ತೋರುವ ಕಂದು ಬಣ್ಣದ ಸಮೋನ್ನತ ರೇಖೆಗಳು ಬಹುಮಟ್ಟಿಗೆ ಇದ್ದಲ್ಲೇ ಇವೆ. ಹೊಲದ ಮಣ್ಣು ಹೀರುತ್ತಿದ್ದ ಮಳೆ ಈಗ ಕಾಂಕ್ರೀಟಿನ ಮೇಲೆ ಜಾರಿ, ಅದೇ ಕಣಿವೆಗೆ ಬಹುಬೇಗ ಇಳಿಯುತ್ತದೆ. ಜೋರುಮಳೆಗೆ ತಗ್ಗಿನ ಬಡಾವಣೆಗಳು ಮುಳುಗುವುದು ಇದರಿಂದಲೇ. ನಗರದ ಕೊಳಚೆಯ ಭಾರವನ್ನು ಹೊರುವವರು ಕೆಳಗಣ ಬೈರಮಂಗಲ ಕೆರೆಯ ಅಚ್ಚುಕಟ್ಟಿನ ರೈತರು.

ಮಲೆನಾಡಿಗರು ಇದನ್ನು ಪಟ್ಟಣದವರ ಪಾಡೆಂದು ಬದಿಗಿಡುವಂತಿಲ್ಲ. ಇಲ್ಲಿಯೂ ಹೊಳೆಯಂಚಿನಲ್ಲಿ ರೆಸಾರ್ಟುಗಳು, ಗದ್ದೆಬಯಲಿನಲ್ಲಿ ನಿವೇಶನಗಳು ಏಳುತ್ತಿವೆ. ಬೇಸಿಗೆಯಲ್ಲಿ ಬತ್ತಿದ ಹಳ್ಳ ಕೊಳ್ಳುವವನ ಕಣ್ಣಿಗೆ ಬರಿಯ ಖಾಲಿ ಜಾಗ. ಟೋಪೋಶೀಟಿನಲ್ಲಾದರೋ ಅಂಥ ಹಳ್ಳವನ್ನೂ ಕಪ್ಪು ಗೆರೆಯಿಂದ ಗುರುತಿಸಿರುತ್ತಾರೆ. ಜೆಸಿಬಿ ಹಳ್ಳವನ್ನು ಮುಚ್ಚಿದ ಮೇಲೂ ಆ ಗೆರೆ ಅಳಿಯದು; ಮಳೆಗಾಲದ ನೀರು ತನ್ನ ದಾರಿಯನ್ನು ಮರೆಯದು.

2017ರಲ್ಲಿ ಇಲಾಖೆಯು 1:50,000 ಪ್ರಮಾಣದ ನಕ್ಷೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ನೀಡಲಾರಂಭಿಸಿತು. ಹಳೆಯ ಮುದ್ರಣಗಳನ್ನು ವಿಶ್ವವಿದ್ಯಾಲಯಗಳ ಭೂಗೋಳ ವಿಭಾಗಗಳಲ್ಲಿ, ಗ್ರಂಥಾಲಯಗಳಲ್ಲಿ ಹುಡುಕಬೇಕು. ವಿದ್ಯಾರ್ಥಿಗಳು ತಮ್ಮೂರಿನ ಹಾಳೆಯನ್ನು ಹಿಡಿದು ಹಿರಿಯರೊಡನೆ ಹಳ್ಳಗಳ ಜಾಡಿನಲ್ಲಿ ನಡೆಯಲಿ. ಹಳ್ಳದ ಹೆಸರು, ಮಳೆಗಾಲದಲ್ಲಿ ನೀರೇರಿದ ಮಟ್ಟ, ಈಗ ಮುಚ್ಚಿಹೋದ ಕಡೆಗಳನ್ನು ಬರೆದಿಡಲಿ. ಭೂಪರಿವರ್ತನೆಯ ವಿಷಯ ಗ್ರಾಮಸಭೆಯಲ್ಲಿ ಎದ್ದಾಗ ಆ ಹಾಳೆ ಮೇಜಿನ ಮೇಲಿರಲಿ. ವೃಷಭಾವತಿಯ ದಡದವರು ನೆರೆ ಬಂದ ಮೇಲೆ ನಕ್ಷೆಯನ್ನು ಬಿಡಿಸಬೇಕಾಯಿತು. ಮಲೆನಾಡಿಗೆ ಮೊದಲೇ ಬಿಡಿಸಿ ನೋಡುವ ಅವಕಾಶ ಇನ್ನೂ ಉಳಿದಿದೆ.