ಒಂದು ಖಾತೆ, ಇಬ್ಬರು ಗುಮಾಸ್ತರು



ಕಳೆದ ಚಾತುರ್ಮಾಸದಲ್ಲಿ ತಿರುಪ್ಪೂರಿನ ನಮ್ಮ ಗೋದಾಮಿನ ಸರ್ವರ್ ಕೆಟ್ಟಿತು. ಹುಬ್ಬಳ್ಳಿಗೆ ಹೊರಟ ಬನಿಯನ್ ಲಾರಿ ತುಂಬಿ ನಿಂತಿತ್ತು, ಬಿಲ್ಲೇ ಬರಲಿಲ್ಲ. 2018ರ ಏಪ್ರಿಲ್‌ನಿಂದ ರೂ. 50,000 ಮೀರಿದ ಸರಕು ರಾಜ್ಯ ದಾಟಲು ಇ-ವೇ ಬಿಲ್ ಬೇಕಷ್ಟೆ. ಎರಡು ದಿನದ ಹಾಲ್ಟಿಂಗ್ ತೆತ್ತೆವು.

ಆಮೇಲೆ ಕಂಪ್ಯೂಟರ್ ನೋಡುವ ಹುಡುಗನನ್ನು ಕೊಯಮತ್ತೂರಿಗೆ ತರಬೇತಿಗೆ ಕಳಿಸಿದೆವು. ಎರಡು ಸರ್ವರ್, ಎರಡಕ್ಕೂ ಸೇರಿ ಒಂದೇ ಸ್ಟೋರೇಜ್; ಇದು ಕ್ಲಸ್ಟರ್. ಒಂದು ನಿಂತರೆ ಇನ್ನೊಂದು ಕೆಲಸ ವಹಿಸಿಕೊಳ್ಳುತ್ತದೆ. 'ಇದ್ದೀಯಾ?' ಎಂದು ಎರಡೂ ಸದಾ ಕೇಳಿಕೊಳ್ಳುತ್ತಿರುತ್ತವೆ. ನಡುವಿನ ತಂತಿಯಷ್ಟೇ ಕಡಿದರೆ? ಎರಡೂ ಬದುಕಿದ್ದು, ಇನ್ನೊಂದು ಸತ್ತಿತೆಂದು ಬಗೆದು ಒಂದೇ ಕಡೆ ಬರೆಯತೊಡಗುತ್ತವೆ. ಇಬ್ಬರು ಗುಮಾಸ್ತರು ಒಂದೇ ರೋಕಡದಲ್ಲಿ ಒಬ್ಬರ ಮೇಲೊಬ್ಬರು ಗೀಚಿದರೆ ಏನಾದೀತೆಂದು ವ್ಯಾಪಾರಸ್ಥರಿಗೆ ಹೇಳಬೇಕೆ? ಅದಕ್ಕೇ ವಹಿಸಿಕೊಳ್ಳುವ ಮೊದಲು ಮತ್ತೊಂದರ ಕರೆಂಟನ್ನೇ ಕಡಿಯಬೇಕು. ತಂತ್ರಜ್ಞರು ಇದಕ್ಕೆ 'ತಲೆಗೆ ಗುಂಡು' ಎಂದೂ ಹೇಳುವರಂತೆ! ಅಹಿಂಸೆಯ ಮನೆಗೆ ಸಲ್ಲದ ಮಾತು, ಕೆಲಸ ಮಾತ್ರ ಸರಿ.

ಮಕ್ಕಳನ್ನು ಇದಕ್ಕೆ ಸೇರಿಸುವವರು ಫೀ ಕಟ್ಟುವ ಮುನ್ನ ಒಂದು ಮಾತು ಕೇಳಿರಿ: ಪಾಠದಲ್ಲಿ ನಿಜವಾಗಿ ತಂತಿ ಕೀಳಿಸುತ್ತಾರೋ? ನಮ್ಮ ಹುಡುಗ ಮೊದಲು ಸೇರಿದ ಕಡೆ ಬರೀ ಪರದೆಯ ಮೇಲಿನ ಚಿತ್ರಗಳು. ಎರಡನೆಯ ಕಡೆ ಮೇಷ್ಟ್ರು ಅವನ ಕೈಯಲ್ಲೇ ಕೀಳಿಸಿದರು.

ಸ್ಟೋರೇಜೇ ಕೆಟ್ಟರೆ ಎರಡು ಸರ್ವರ್ ಇದ್ದೂ ಫಲವಿಲ್ಲ. ಹಾಗಾಗಿ ದಿನಾ ರಾತ್ರಿ ಲೆಕ್ಕದ ನಕಲು ಬೇರೆ ಊರಿನ ಮನೆಗೆ ಹೋಗುತ್ತಿದೆ.