ಯುಎಸ್‌ಡಿ ಹಾಕಿಸೋ ಮುಂಚೆ ಫೋರ್ಕ್ ಆಯಿಲ್ ನೋಡ್ರಪ್ಪ

ನಮ್ಮ ಕಾಲೇಜಿನ ಪಾರ್ಕಿಂಗ್‌ನಲ್ಲಿ ಯಾವ ಬೈಕ್ ಸುತ್ತ ಜನ ಸೇರ್ತಾರೆ ಅಂತ ಗಮನಿಸಿದ್ದೀರಾ? ಮೂರು ಲಕ್ಷದ ಹೊಸ ಬೈಕ್ ಸುತ್ತ ಅಲ್ಲ, ಆರ್‌ಎಕ್ಸ್ 100 ಸುತ್ತ. 1985ರಲ್ಲಿ ಬಂದು 1996ರಲ್ಲಿ ನಿಂತುಹೋದ ಬೈಕ್ ಅದು. ನಾವ್ಯಾರೂ ಹುಟ್ಟೋ ಮುಂಚೇನೇ ಅದರ ಕಥೆ ಮುಗಿದಿತ್ತು. ಆದ್ರೂ ಆ ಸೌಂಡ್ ಕೇಳಿದ್ರೆ ಕ್ಲಾಸ್‌ನಲ್ಲಿ ಕೂತವರೂ ಕಿಟಕಿ ಕಡೆ ತಿರುಗ್ತಾರೆ.

ಈಗ ಹೊಸ ಫ್ಯಾಷನ್ ಒಂದು ಶುರುವಾಗಿದೆ. ಹಳೇ ಆರ್‌ಎಕ್ಸ್‌ಗೆ ಮುಂದಿನ ಫೋರ್ಕ್ ತೆಗೆಸಿ, ಡ್ಯೂಕ್ 200 ಥರದ ಬೈಕಿನ ಯುಎಸ್‌ಡಿ ಫೋರ್ಕ್ ಹಾಕಿಸೋದು. ಯುಎಸ್‌ಡಿ ಅಂದ್ರೆ ತಲೆಕೆಳಗಾದ ಫೋರ್ಕ್: ದಪ್ಪ ಟ್ಯೂಬ್ ಮೇಲೆ, ಸಣ್ಣದು ಕೆಳಗೆ. ಡ್ಯೂಕ್‌ದು 43 ಮಿ.ಮೀ. ಫೋರ್ಕ್. ನೋಡೋಕೆ ಸಖತ್ತಾಗಿರುತ್ತೆ, ಒಪ್ಪಿಕೊಳ್ತೀನಿ. ನಾನೂ ಹಾಕಿಸಬೇಕು ಅಂತಾನೇ ಇದ್ದೆ. ಹಾಕಿಸಲಿಲ್ಲ. ನೀವೂ ದುಡ್ಡು ಕೊಡೋ ಮುಂಚೆ ಒಂದು ಸಲ ಯೋಚನೆ ಮಾಡಿ ಅನ್ನೋದಕ್ಕೆ ಈ ಲೇಖನ.

ನನ್ನ ಹತ್ರ ಇರೋದು ಚಿಕ್ಕಪ್ಪನ 1994ರ ಆರ್‌ಎಕ್ಸ್. ಹೋದ ವರ್ಷ ಕೆ.ಆರ್.ಎಸ್. ರೋಡಲ್ಲಿ ತಂಗೀನ ಹಿಂದೆ ಕೂರಿಸ್ಕೊಂಡು ಹೋಗ್ತಿದ್ದೆ. ಬಣ್ಣ ಬಳಿಯದ ಹಂಪ್ ಒಂದು ಕೊನೇ ಕ್ಷಣದಲ್ಲಿ ಕಂಡಿತು. ಬ್ರೇಕ್ ಹಿಡಿದೆ, ಮುಂಭಾಗ ಪೂರ್ತಿ ಕುಸೀತು. ಅದೇ ಸ್ಥಿತೀಲಿ ಹಂಪ್ ಹತ್ತಿದಾಗ ಢಗ್ ಅಂತ ಕಬ್ಬಿಣಕ್ಕೆ ಕಬ್ಬಿಣ ಹೊಡೆದ ಸದ್ದು, ಚಕ್ರ ಎಗರಿತು, ಹ್ಯಾಂಡಲ್ ಕೈಯಲ್ಲಿ ಒದ್ದಾಡಿತು. ಬೀಳಲಿಲ್ಲ. ಆದ್ರೆ ತಂಗಿಯ ಗಲ್ಲ ನನ್ನ ಹೆಲ್ಮೆಟ್‌ಗೆ ಬಡಿದು ಎರಡು ಹೊಲಿಗೆ ಬಿತ್ತು. ಅಮ್ಮ ಒಂದು ವಾರ ಬೈಕ್ ಕೀ ಬಚ್ಚಿಟ್ಟಿದ್ರು.

ಆಗ ನಾನು ತೀರ್ಮಾನ ಮಾಡಿದ್ದು ಒಂದೇ: ಹಳೇ ಫೋರ್ಕ್ ವೇಸ್ಟ್, ಯುಎಸ್‌ಡಿ ಹಾಕಿಸಲೇಬೇಕು. ಮಾಡಿಫಿಕೇಶನ್ ಮಾಡೋ ಒಂದು ಗ್ಯಾರೇಜಿನಲ್ಲಿ ಕೇಳಿದೆ. ಸೆಕೆಂಡ್ ಹ್ಯಾಂಡ್ ಫೋರ್ಕ್, ಚಕ್ರ, ಡಿಸ್ಕ್, ವೆಲ್ಡಿಂಗ್, ಲೇಬರ್ ಎಲ್ಲ ಸೇರಿ 22 ಸಾವಿರ ಅಂದ್ರು. ಅಷ್ಟು ದುಡ್ಡು ಇರಲಿಲ್ಲ. ಅದು ನನ್ನ ಪುಣ್ಯ.

ದುಡ್ಡಿಲ್ಲದ್ದಕ್ಕೆ ಚಿಕ್ಕಪ್ಪನ ಹಳೇ ಮೆಕ್ಯಾನಿಕ್ ಹತ್ರ ಹೋದೆ. ಅವರು ಸೀಟ್ ಮೇಲೆ ಕೂತು ಎರಡು ಸಲ ಮುಂದೆ ಅದುಮಿ, "ಮರಿ, ಈ ಫೋರ್ಕ್ ಆಯಿಲ್ ಯಾವಾಗ ಚೇಂಜ್ ಮಾಡ್ಸಿದ್ದು?" ಅಂತ ಕೇಳಿದ್ರು. ಫೋರ್ಕ್‌ಗೆ ಆಯಿಲ್ ಚೇಂಜ್ ಮಾಡಿಸ್ತಾರೆ ಅಂತಾನೇ ನನಗೆ ಗೊತ್ತಿರಲಿಲ್ಲ! ಮೆಕ್ಯಾನಿಕಲ್ ಸ್ಟೂಡೆಂಟ್ ನಾನು. ಅವತ್ತು ಹೇಳಿಕೊಳ್ಳೋಕೂ ನಾಚಿಕೆ ಆಯ್ತು.

ಬಿಚ್ಚಿದಾಗ ಒಂದು ಕಾಲಲ್ಲಿ ಡಿಕಾಕ್ಷನ್ ಥರ ಕಪ್ಪು ನೀರು ಬಂತು, ಇನ್ನೊಂದು ಕಾಲಲ್ಲಿ ಅದೂ ಸರಿಯಾಗಿ ಬರಲಿಲ್ಲ. ಆಯಿಲ್ ಸೀಲ್ ಹರಿದಿತ್ತು. ಸ್ಪ್ರಿಂಗ್‌ಗಳನ್ನ ಹೊಸದರ ಪಕ್ಕ ಇಟ್ಟರೆ ಗಿಡ್ಡವಾಗಿದ್ವು. ಹ್ಯಾಂಡಲ್‌ನ ಕೋನ್ ಸೆಟ್‌ನಲ್ಲಿ ಬಾಲ್‌ಗಳು ಕೂತು ಕೂತು ಗುಳಿ ಬಿದ್ದಿತ್ತು. ಅಂದ್ರೆ ನಾನು ಓಡಿಸ್ತಿದ್ದದ್ದು ಆರ್‌ಎಕ್ಸ್ ಫೋರ್ಕ್ ಅಲ್ಲವೇ ಅಲ್ಲ. ಮೂವತ್ತು ವರ್ಷದಿಂದ ಯಾರೂ ಮುಟ್ಟದ ಎರಡು ಪೈಪ್‌ಗಳು ಅಷ್ಟೇ.

ಇಲ್ಲಿ ಸ್ವಲ್ಪ ಥಿಯರಿ, ಬೋರ್ ಮಾಡಲ್ಲ. ಸ್ಪ್ರಿಂಗ್ ಕೆಲಸ ಭಾರ ಹೊರೋದು. ಆಯಿಲ್ ಕೆಲಸ ಆ ಸ್ಪ್ರಿಂಗ್ ಕುಣೀದಂತೆ ನೋಡಿಕೊಳ್ಳೋದು. ಹಳೇ ಬೈಕ್‌ಗಳ ಫೋರ್ಕ್‌ನಲ್ಲಿ ಆಯಿಲ್ ಸಣ್ಣ ಸಣ್ಣ ತೂತುಗಳ ಮೂಲಕ ನುಗ್ಗಬೇಕು. ಆ ಅಡ್ಡಿಯೇ ಡ್ಯಾಂಪಿಂಗ್. ತೂತಿನಲ್ಲಿ ಹರಿಯೋ ದ್ರವದ ಪ್ರತಿರೋಧ ಹೆಚ್ಚುಕಮ್ಮಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಅದಕ್ಕೇ ಈ ಫೋರ್ಕ್ ಬ್ರೇಕ್ ಹಿಡಿದಾಗ ಮೆತ್ತಗೆ ಕುಸಿಯುತ್ತೆ, ಚೂಪು ಗುಂಡಿಗೆ ಬಿದ್ದಾಗ ಕಲ್ಲಾಗುತ್ತೆ. ಇದು ಹಳೇ ಡಿಸೈನ್‌ನ ನಿಜವಾದ ಮಿತಿ, ಇಲ್ಲ ಅನ್ನಲ್ಲ. ಆದ್ರೆ ಆಯಿಲ್ಲೇ ಇಲ್ಲದ ಫೋರ್ಕ್‌ಗೆ ಡಿಸೈನ್ ಸರಿ ಇಲ್ಲ ಅಂತ ಬೈಯೋದು ಪುಸ್ತಕ ತೆರೀದೆ ಸಿಲಬಸ್ ಟಫ್ ಅಂದಂಗೆ.

ಸರಿ, ಯುಎಸ್‌ಡಿ ಹಾಕಿದ್ರೆ ಏನಾಗುತ್ತೆ? ಆ ಫೋರ್ಕ್ ಒಳ್ಳೇದೇ, ಆದ್ರೆ ಅದನ್ನ ಮಾಡಿರೋದು ಬೇರೆ ಬೈಕ್‌ಗೆ. ಆರ್‌ಎಕ್ಸ್ ತೂಕ ಸುಮಾರು 100 ಕೆ.ಜಿ. ಡ್ಯೂಕ್ ಅದಕ್ಕಿಂತ ಎಷ್ಟೋ ಭಾರ. ಭಾರದ ಬೈಕಿನ ಸ್ಪ್ರಿಂಗ್ ಹಗುರ ಬೈಕ್‌ಗೆ ಹಾಕಿದ್ರೆ ಅದು ಅಲ್ಲಾಡೋದೇ ಕಮ್ಮಿ. "ಮಗಾ, ಸೂಪರ್ ಸ್ಟಿಫ್ ಆಗಿದೆ" ಅಂತ ಖುಷಿ ಪಡ್ತೀವಿ. ಸಸ್ಪೆನ್ಷನ್ ಇರೋದು ಟಯರ್‌ನ ರೋಡಿಗೆ ಅಂಟಿಸಿಡೋಕೆ. ಅಲ್ಲಾಡದೇ ಇದ್ರೆ ಟಯರ್ ಗಾಳಿಯಲ್ಲಿರುತ್ತೆ.

ಇದಕ್ಕಿಂತ ದೊಡ್ಡ ವಿಷಯ ಟ್ರೇಲ್. ಹ್ಯಾಂಡಲ್ ತಿರುಗೋ ಅಕ್ಷವನ್ನ ನೆಲದ ತನಕ ಎಳೆದರೆ ಅದು ಟಯರ್ ನೆಲ ಮುಟ್ಟೋ ಜಾಗಕ್ಕಿಂತ ಮುಂದೆ ಬೀಳುತ್ತೆ. ಆ ಅಂತರವೇ ಟ್ರೇಲ್. ಬೈಕ್ ನೇರ ಹೋಗೋಕೆ ಇದು ಬಹಳ ಮುಖ್ಯ. ಲೆಕ್ಕಕ್ಕೆ ಚಕ್ರದ ತ್ರಿಜ್ಯ 290 ಮಿ.ಮೀ., ಅಕ್ಷದ ಓರೆ 27 ಡಿಗ್ರಿ, ಆಫ್‌ಸೆಟ್ 50 ಮಿ.ಮೀ. ಇಟ್ಕೊಳ್ಳಿ. ಟ್ರೇಲ್ ಸುಮಾರು 92 ಮಿ.ಮೀ. ಬರುತ್ತೆ. ಬೇರೆ ಬೈಕಿನ ಟೀ ಹಾಕಿ ಆಫ್‌ಸೆಟ್ 30 ಆದ್ರೆ ಟ್ರೇಲ್ 114. ಸಂದಿಯಲ್ಲಿ ತಿರುಗಿಸೋಕೆ ಹ್ಯಾಂಡಲ್ ಭಾರ. ಫೋರ್ಕ್ ಗಿಡ್ಡ ಇದ್ದು ಮುಂಭಾಗ 30 ಮಿ.ಮೀ. ಕೆಳಗಿಳಿದರೆ ಓರೆ ಸುಮಾರು 1.4 ಡಿಗ್ರಿ ಕಮ್ಮಿಯಾಗಿ ಟ್ರೇಲ್ ಇಳಿಯುತ್ತೆ, ಬೈಕ್ ಸ್ಪೀಡಲ್ಲಿ ಚಂಚಲ ಆಗುತ್ತೆ. ಒಂದು ಏರಿಸುತ್ತೆ, ಒಂದು ಇಳಿಸುತ್ತೆ. ಕೊನೆಗೆ ಎಷ್ಟಾಯ್ತು? ಅಳೆದವರಿಗೆ ಮಾತ್ರ ಗೊತ್ತು. ನಾನು ವಿಚಾರಿಸಿದ ಗ್ಯಾರೇಜಿನಲ್ಲಿ ಟ್ರೇಲ್ ಎಷ್ಟು ಬರುತ್ತೆ ಅಂತ ಕೇಳಿದ್ದಕ್ಕೆ, "ಅದೆಲ್ಲ ಸೆಟ್ ಆಗತ್ತೆ ಬಾಸ್" ಅಂದ್ರು.

"ಡ್ರಮ್ ಬ್ರೇಕ್ ಸಾಲಲ್ಲ, ಡಿಸ್ಕ್ ಬೇಕು" ಅನ್ನೋ ಗೆಳೆಯರ ಮಾತಲ್ಲಿ ಅರ್ಥ ಇದೆ. ಆದ್ರೆ ಅದು ಬ್ರೇಕ್ ಪ್ರಶ್ನೆ, ಯುಎಸ್‌ಡಿ ಪ್ರಶ್ನೆ ಅಲ್ಲ. ಮೊದಲು ಬ್ರೇಕ್ ಶೂ, ಕೇಬಲ್ ಹೊಸದು ಹಾಕಿ ನೋಡಿ. ಆಮೇಲೂ ಡಿಸ್ಕ್ ಬೇಕು ಅನ್ಸಿದ್ರೆ, ಉದ್ದ ಮತ್ತು ಆಫ್‌ಸೆಟ್ ಹತ್ತಿರ ಇರೋ ಮಾಮೂಲಿ ಫೋರ್ಕ್ ಹುಡುಕಿ. ಡಿಸ್ಕ್ ಕಚ್ಚಿದಾಗ ಬರೋ ಒತ್ತಡವೆಲ್ಲ ಡ್ರಮ್ ಬ್ರೇಕ್‌ಗೆ ಅಂತ ಮಾಡಿದ ಹಳೇ ಚಾಸಿಸ್‌ನ ಕತ್ತಿನ ಮೇಲೇ ಬೀಳುತ್ತೆ ಅನ್ನೋದೂ ನೆನಪಿರಲಿ. ಜೊತೆಗೆ ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರ ಮೂಲ ಸ್ಪೆಸಿಫಿಕೇಶನ್‌ಗಿಂತ ಬೇರೆಯಾಗುವಂತೆ ವಾಹನ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆಕ್ಸಿಡೆಂಟ್ ಆದಮೇಲೆ ಇದನ್ನ ಓದೋದಕ್ಕಿಂತ ಮುಂಚೆ ಓದೋದು ವಾಸಿ.

ಹಾಗಾದ್ರೆ ಅಪ್‌ಗ್ರೇಡೇ ಬೇಡ್ವಾ? ಬೇಕು, ಆದ್ರೆ ಪೈಪ್ ಒಳಗೆ. ಹೊಸ ಸೀಲ್, ಹೊಸ ಸ್ಪ್ರಿಂಗ್, ಎರಡೂ ಕಾಲಿಗೆ ಅಳೆದು ಸಮನಾಗಿ ಆಯಿಲ್, ಹೊಸ ಕೋನ್ ಸೆಟ್. ಆಮೇಲೆ ಸ್ಯಾಗ್ ಅಳೀರಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಫ್ರೆಂಡ್ ಹಿಂದೆ ಅದುಮಿದಾಗ ಮುಂದಿನ ಚಕ್ರ ಮೇಲೇಳುತ್ತೆ. ಆಗ ಫೋರ್ಕ್ ಪೈಪ್‌ಗೆ ಒಂದು ಜಿಪ್ ಟೈ ಕಟ್ಟಿ ಸೀಲ್ ತನಕ ಇಳಿಸಿ. ನಿಧಾನಕ್ಕೆ ಸ್ಟ್ಯಾಂಡ್ ತೆಗೆದು ಬೈಕ್ ಮೇಲೆ ಕೂತು ಇಳೀರಿ. ಮತ್ತೆ ಚಕ್ರ ಎತ್ತಿ ಸೀಲ್‌ನಿಂದ ಟೈಗೆ ಎಷ್ಟು ದೂರ ಅಂತ ಸ್ಕೇಲ್ ಹಿಡೀರಿ. ಒಟ್ಟು ಟ್ರಾವೆಲ್‌ನ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇದ್ರೆ ಚೆನ್ನ. ಜಾಸ್ತಿ ಇಳೀತಿದ್ರೆ ಸ್ಪ್ರಿಂಗ್ ಮೇಲೆ ಒಂದು ತುಂಡು ಪಿವಿಸಿ ಪೈಪ್ ಸ್ಪೇಸರ್ ಸಾಕು. ಬ್ರೇಕ್ ಹಿಡಿದಾಗ ಇನ್ನೂ ಕುಸೀತಿದ್ರೆ ಒಂದು ಗ್ರೇಡ್ ದಪ್ಪ ಆಯಿಲ್. ಅದಕ್ಕಿಂತ ದಪ್ಪಕ್ಕೆ ಹೋದ್ರೆ ಗುಂಡಿಯಲ್ಲಿ ಕೈ ನೋಯುತ್ತೆ, ನಾನು ಅನುಭವಿಸಿದ್ದೀನಿ.

ಇಷ್ಟಕ್ಕೆ ನನಗೆ ಲೇಬರ್ ಸೇರಿ ಮೂರು ಸಾವಿರದ ಒಳಗೆ ಆಯ್ತು. ಬೈಕ್ ಡ್ಯೂಕ್ ಆಗಲಿಲ್ಲ, ಆಗೋದೂ ಬೇಡ. ಅದೇ ರೋಡಲ್ಲಿ ಅದೇ ಹಂಪ್ ಹತ್ತಿಸಿ ನೋಡಿದೆ, ಮೊದಲು ಒಬ್ಬನೇ. ಢಗ್ ಅನ್ನಲಿಲ್ಲ. ತಂಗಿ ಮತ್ತೆ ಹಿಂದೆ ಕೂರೋಕೆ ಒಪ್ಪಿದ್ದು ಎರಡು ತಿಂಗಳಾದ ಮೇಲೆ. ಈಗಲೂ ಹಂಪ್ ಬಂದಾಗ ನನ್ನ ಭುಜ ಗಟ್ಟಿಯಾಗಿ ಹಿಡ್ಕೊಳ್ತಾಳೆ. ಅದಕ್ಕೆ ಯಾವ ಆಯಿಲೂ ಇಲ್ಲ.

ನಿಮ್ಮ ಹಳೇ ಬೈಕ್‌ನ ಸ್ಯಾಗ್ ಅಳೀಬೇಕು ಅಂದ್ರೆ ಶನಿವಾರ ಮಧ್ಯಾಹ್ನ ಪಾರ್ಕಿಂಗ್ ಹತ್ರ ಬನ್ನಿ. ಜಿಪ್ ಟೈ, ಸ್ಕೇಲ್ ನನ್ನ ಬ್ಯಾಗಲ್ಲೇ ಇರುತ್ತೆ. ಹಿಂದೆ ಅದುಮೋಕೆ ಒಬ್ಬ ಫ್ರೆಂಡ್‌ನ ನೀವೇ ಕರ್ಕೊಂಡು ಬನ್ನಿ.